‘ಟೆಲ್ ಮಿ ಅಬೌಟ್ ಇಟ್’ ಅಂದರೆ ಏನೂ ಹೇಳಬೇಡಿ: ಇಂಗ್ಲಿಷ್ ನುಡಿಗಟ್ಟುಗಳನ್ನು ಅರ್ಥ ಮಾಡಿಕೊಳ್ಳುವ ದಾರಿ

ಕೆಲಸಕ್ಕೆ ಸೇರಿದ ಹೊಸತು. ಅಮೆರಿಕದ ತಂಡದ ಜೊತೆ ಫೋನಿನಲ್ಲಿ ಮೀಟಿಂಗ್ ಇತ್ತು. ನಾನು ಐದು ನಿಮಿಷ ತಡವಾಗಿ ಸೇರಿಕೊಂಡು, ‘ಸಾರಿ, ಬೆಂಗಳೂರು ಟ್ರಾಫಿಕ್ ಈಸ್ ಟೆರಿಬಲ್’ ಅಂದೆ. ಆ ಕಡೆಯಿಂದ ಒಬ್ಬರು ಉಸ್ಸಪ್ಪಾ ಅನ್ನುವ ದನಿಯಲ್ಲಿ ‘ಟೆಲ್ ಮಿ ಅಬೌಟ್ ಇಟ್’ ಅಂದರು. ಪಾಪ, ಇಷ್ಟು ಆಸಕ್ತಿಯಿಂದ ಕೇಳುತ್ತಿದ್ದಾರಲ್ಲ ಅಂತ ನಾನು ಶುರು ಮಾಡಿಯೇಬಿಟ್ಟೆ. ಸಿಲ್ಕ್ ಬೋರ್ಡ್ ಜಂಕ್ಷನ್, ಮಳೆ ಬಂದರೆ ನಿಲ್ಲುವ ನೀರು, ನಡುರಸ್ತೆಯಲ್ಲಿ ಕೆಟ್ಟು ನಿಂತ ಬಸ್ಸು, ಎಲ್ಲವನ್ನೂ ಸವಿಸ್ತಾರವಾಗಿ ಹೇಳಿದೆ. ಯಾರೂ ತಡೆಯಲಿಲ್ಲ. ಮೀಟಿಂಗ್ ಮುಗಿದ ಮೇಲೆ ಪಕ್ಕದ ಸೀಟಿನ ಗೆಳೆಯ ನಗು ತಡೆದುಕೊಂಡು ಹೇಳಿದ: ‘ಅವರು ಕೇಳಿದ್ದಲ್ಲ ಮಾರಾಯ. ನಂದೂ ಅದೇ ಗೋಳು ಅಂದಿದ್ದು.’

ಟೆಲ್, ಮಿ, ಅಬೌಟ್, ಇಟ್. ನಾಲ್ಕೂ ಪದಗಳನ್ನು ನಾನು ಪ್ರೈಮರಿ ಸ್ಕೂಲಿನಲ್ಲೇ ಕಲಿತಿದ್ದೆ. ಅದಕ್ಕೇ ಮೋಸ ಹೋದೆ. ಗೊತ್ತಿಲ್ಲದ ಪದ ಬಂದಿದ್ದರೆ ನಿಂತು ಯೋಚಿಸುತ್ತಿದ್ದೆ.

ಶಾಲೆಯಲ್ಲಿ ನಮಗೆ ನುಡಿಗಟ್ಟುಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುತ್ತಿದ್ದರು. ‘ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್’ ಅಂದರೆ ಧಾರಾಕಾರ ಮಳೆ. ಎರಡು ಅಂಕ. ಇಷ್ಟು ವರ್ಷದ ನೌಕರಿಯಲ್ಲಿ ಯಾವ ಇಂಗ್ಲಿಷಿನವರ ಬಾಯಲ್ಲೂ ನಾನು ಆ ಮಾತು ಕೇಳಿಲ್ಲ. ‘ಇಟ್ಸ್ ಪೋರಿಂಗ್’ ಅನ್ನುತ್ತಾರೆ, ಮುಗೀತು. ಆ ಪಟ್ಟಿಯ ಮಾತುಗಳಿಂದ ತೊಂದರೆಯೇನೂ ಆಗುವುದಿಲ್ಲ ಬಿಡಿ. ಆಕಾಶದಿಂದ ಬೆಕ್ಕು, ನಾಯಿ ಬೀಳುತ್ತಿವೆ ಅಂದರೆ ಇದರಲ್ಲಿ ಬೇರೇನೋ ಇದೆ ಅಂತ ಯಾರಿಗಾದರೂ ಹೊಳೆಯುತ್ತದೆ. ನಾವು ಮುಗ್ಗರಿಸುವುದು ಸಾದಾ ಮಾತುಗಳಲ್ಲಿ. ಹಾಗಾಗಿ ಈ ಲೇಖನದಲ್ಲಿ ಉದ್ದದ ಪಟ್ಟಿ ಸಿಗುವುದಿಲ್ಲ. ಯಾವ ಮಾತು ಬಂದರೂ ಅದರ ಒಳಗಿನ ಅರ್ಥ ಹಿಡಿಯುವುದು ಹೇಗೆ ಅನ್ನುವುದನ್ನು ನಾನು ಎಡವಿ ಕಲಿತ ಕ್ರಮದಲ್ಲೇ ಹೇಳುತ್ತೇನೆ.

ಮೊದಲ ಹೆಜ್ಜೆ: ಮನೆಯ ಕನ್ನಡ ಕೇಳಿಸಿಕೊಳ್ಳಿ

ಇಂಗ್ಲಿಷ್ ಪುಸ್ತಕ ತೆರೆಯುವ ಮೊದಲು ಒಂದು ದಿನ ಮನೆಯವರ ಮಾತಿಗೆ ಕಿವಿ ಕೊಡಿ. ಹೊರಟು ನಿಂತ ಮೊಮ್ಮಗನಿಗೆ ಅಜ್ಜಿ ‘ಹೋಗಿ ಬಾ’ ಅನ್ನುತ್ತಾರೆ. ಸಂಜೆಯೊಳಗೆ ವಾಪಸ್ ಬಾ ಅಂತ ಅದರ ಅರ್ಥವಲ್ಲ. ಬರೀ ‘ಹೋಗು’ ಅನ್ನಬಾರದು, ಅಷ್ಟೇ. ದಾರಿಯಲ್ಲಿ ಸಿಕ್ಕವರು ‘ಊಟ ಆಯ್ತಾ?’ ಅಂದರೆ ನಿಮಗೆ ಎಲೆ ಹಾಕುವ ಯೋಚನೆ ಅವರಿಗಿಲ್ಲ. ಯೋಜನೆ ‘ಹಳ್ಳ ಹಿಡೀತು’ ಅನ್ನುತ್ತೇವೆ. ‘ಹೊಳೆ ಹಿಡೀತು’ ಅಂದರೆ ಜನ ಮುಖ ನೋಡುತ್ತಾರೆ.

ಬೇಕಾದ ವ್ಯಾಕರಣವೆಲ್ಲ ಇಷ್ಟರಲ್ಲೇ ಇದೆ. ಕೆಲವು ಪ್ರಶ್ನೆಗಳು ಪ್ರಶ್ನೆಯೇ ಅಲ್ಲ. ಕೆಲವು ಮಾತುಗಳನ್ನು ಬಿಡಿಸಿದರೆ ಅರ್ಥ ಸೋರಿಹೋಗುತ್ತದೆ. ಒಂದು ಪದ ಬದಲಿಸಿದರೂ ಮಾತು ಕೆಡುತ್ತದೆ. ಇಂಗ್ಲಿಷಿನಲ್ಲೂ ಹೀಗೇ. ‘ಕಿಕ್ ದ ಬಕೆಟ್’ ಅಂದರೆ ಸತ್ತ ಅಂತ. ಬಕೆಟ್ ಬದಲು ಅದೇ ಅರ್ಥದ ‘ಪೇಲ್’ ಹಾಕಿದರೆ ನಿಜವಾಗಿಯೂ ಬಕೆಟ್ ಒದ್ದ ಅಂತಲೇ ಆಗುತ್ತದೆ.

ಮನೆಯ ಕನ್ನಡ ಗಮನಿಸಿ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ನುಡಿಗಟ್ಟು ಕೆಲವು ಸಲ ನಮ್ಮನ್ನೇ ದಾರಿ ತಪ್ಪಿಸುತ್ತದೆ. ‘ಅವನು ಕೈ ಕೊಟ್ಟ’ ಅಂದರೆ ನಂಬಿಸಿ ಮೋಸ ಮಾಡಿದ ಅಂತ. ಇಂಗ್ಲಿಷಿನಲ್ಲಿ ‘ಹೀ ಗೇವ್ ಮಿ ಎ ಹ್ಯಾಂಡ್’ ಅಂದರೆ ಸಹಾಯ ಮಾಡಿದ ಅಂತ, ಪೂರ್ತಿ ಉಲ್ಟಾ. ಸಭೆಯಲ್ಲಿ ‘ಗಿವ್ ಹಿಮ್ ಎ ಬಿಗ್ ಹ್ಯಾಂಡ್’ ಅಂದರೆ ಜೋರಾಗಿ ಚಪ್ಪಾಳೆ ಹೊಡೆಯಿರಿ ಅಂತ. ಕೈ, ಕಾಲು, ಕಣ್ಣು, ತಲೆ ಇರುವ ಮಾತುಗಳಲ್ಲಿ ಎರಡು ಪಟ್ಟು ಎಚ್ಚರ ಬೇಕು. ‘ಕೀಪ್ ಆ್ಯನ್ ಐ ಆನ್ ಮೈ ಬ್ಯಾಗ್’ ಅಂದರೆ ಬ್ಯಾಗಿನ ಮೇಲೆ ಕಣ್ಣು ಹಾಕಿ ಅಂತಲ್ಲ, ಕಣ್ಣಿಡಿ ಅಂತ. ಹಾಕುವುದಕ್ಕೂ ಇಡುವುದಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ನಿಮಗೆ ಬೇರೆ ಹೇಳಬೇಕಾಗಿಲ್ಲ.

ಎರಡನೇ ಹೆಜ್ಜೆ: ಸಾದಾ ಮಾತನ್ನು ಅನುಮಾನಿಸಿ

ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಯಾರಾದರೂ ಸುಲಭದ ಪದಗಳಲ್ಲಿ ಏನೋ ಅಂದು, ಆ ಮಾತು ಸಂದರ್ಭಕ್ಕೆ ಒಗ್ಗದಿದ್ದರೆ, ಒಂದು ಕ್ಷಣ ನಿಂತು ಇಷ್ಟು ಕೇಳಿಕೊಳ್ಳಿ: ಇದಕ್ಕೆ ಅವರು ಉತ್ತರ ಕಾಯುತ್ತಿದ್ದಾರಾ? ಅವರ ದನಿ ಹೇಗಿದೆ? ಅಕ್ಷರಕ್ಕೆ ಅಕ್ಷರ ಹಿಡಿದು ನಡೆದುಕೊಂಡರೆ ನಗೆಪಾಟಲಾಗುತ್ತಾ?

‘ಯು ಕ್ಯಾನ್ ಸೇ ದಟ್ ಅಗೇನ್’ ಅಂದರೆ ಇನ್ನೊಂದು ಸಲ ಹೇಳಿ ಅಂತಲ್ಲ. ಸರಿಯಾಗಿ ಹೇಳಿದಿರಿ, ನಾನೂ ಒಪ್ಪುತ್ತೇನೆ ಅಂತ. ಮನೆಗೆ ಬಂದ ಅಮೆರಿಕನ್ ಅತಿಥಿಗೆ ಇನ್ನೊಂದು ದೋಸೆ ಹಾಕಲಾ ಅಂತ ಕೇಳಿದಾಗ ‘ಐ ಆ್ಯಮ್ ಗುಡ್’ ಅಂದರೆ ತನ್ನ ಒಳ್ಳೆಯತನ ಹೇಳಿಕೊಳ್ಳುತ್ತಿಲ್ಲ. ಸಾಕು, ಬೇಡ ಅಂತ. ನಮ್ಮ ಅಮ್ಮ ಅದನ್ನು ‘ಗುಡ್, ಹಾಕಿ’ ಅಂತ ತಿಳಿದು ಎರಡು ದೋಸೆ ಬಡಿಸಿದ್ದರು. ಬೇಡ ಅಂತ ಗೊತ್ತಾಗಿದ್ದರೂ ಒಂದನ್ನಂತೂ ಹಾಕುತ್ತಿದ್ದರು, ಅದು ಬೇರೆ ವಿಷಯ.

ಕಿಟಕಿ ತೆರೆಯಬಹುದಾ ಅಂತ ಕೇಳಿದರೆ ‘ಬಿ ಮೈ ಗೆಸ್ಟ್’ ಅನ್ನುತ್ತಾರೆ. ಧಾರಾಳವಾಗಿ ತೆರೆಯಿರಿ ಅಂತ ಅರ್ಥ, ಮನೆಗೆ ಕರೆದದ್ದಲ್ಲ. ‘ನಾಕ್ ಯುವರ್‌ಸೆಲ್ಫ್ ಔಟ್’ ಅನ್ನುವುದೂ ಅದೇ. ಕೇಳಲು ಹೊಡೆದಾಟದ ಹಾಗಿದ್ದರೂ, ನಿಮಗೆ ಬೇಕೆನಿಸಿದರೆ ಮಾಡಿಕೊಳ್ಳಿ ಅಂತ. ಆದರೆ ‘ಸೂಟ್ ಯುವರ್‌ಸೆಲ್ಫ್’ ಅಂದರೆ ಹುಷಾರು. ಅದು ನಮ್ಮ ‘ನಿನ್ನಿಷ್ಟ ಕಣಪ್ಪ’. ಮಾತಿನಲ್ಲಿ ಅನುಮತಿ ಇದೆ, ಮುಖದಲ್ಲಿ ಇಲ್ಲ.

ಇಂಗ್ಲೆಂಡಿನಲ್ಲಿ ಬೆಳಿಗ್ಗೆ ಎದುರಾದವರು ‘ಯು ಆಲ್ ರೈಟ್?’ ಅನ್ನುತ್ತಾರೆ. ಮುಖ ಬಾಡಿದೆಯಾ ಅಂತ ಗಾಬರಿ ಬೀಳಬೇಡಿ. ಅದು ಅವರ ನಮಸ್ಕಾರ. ನೀವೂ ‘ಆಲ್ ರೈಟ್’ ಅಂತ ಮುಂದೆ ನಡೆದರೆ ಸಾಕು. ನೆಗಡಿ, ಮಂಡಿ ನೋವಿನ ವರದಿ ಬೇಕಾಗಿಲ್ಲ. ಅಂಗಡಿಯವರು ಬಿಲ್ ಕೊಟ್ಟು ‘ಸೀ ಯು ಲೇಟರ್’ ಅಂದರೆ ಸಂಜೆ ಸಿಗುವ ಮಾತಲ್ಲ. ‘ಯು ಮಸ್ಟ್ ಕಮ್ ರೌಂಡ್ ಸಮ್‌ಟೈಮ್’ ಅನ್ನುವುದು ಎಷ್ಟೋ ಸಲ ನಮ್ಮ ‘ಬನ್ನಿ ಒಂದ್ಸಲ ಮನೆಗೆ’ ಇದ್ದ ಹಾಗೆ. ದಿನ, ಸಮಯ ಹೇಳುವವರೆಗೆ ಅದು ಕರೆ ಅಲ್ಲ.

ನನ್ನ ಚಿಕ್ಕಮ್ಮನ ಮಗಳು ಮೆಲ್ಬರ್ನ್‌ಗೆ ಹೋದ ಮೊದಲ ತಿಂಗಳು ಅವಳನ್ನು ಒಂದು ಪಾರ್ಟಿಗೆ ಕರೆದರು. ಕರೆಯ ಕೊನೆಯಲ್ಲಿ ‘ಪ್ಲೀಸ್ ಬ್ರಿಂಗ್ ಎ ಪ್ಲೇಟ್’ ಅಂತಿತ್ತು. ಜನ ಜಾಸ್ತಿ, ಅವರ ಮನೆಯಲ್ಲಿ ತಟ್ಟೆ ಸಾಲುವುದಿಲ್ಲವೇನೋ ಅಂತ ಇವಳು ಊರಿನಿಂದ ಒಯ್ದಿದ್ದ ಎರಡು ಸ್ಟೀಲ್ ತಟ್ಟೆ ಫಳಫಳ ತೊಳೆದು ಚೀಲಕ್ಕೆ ಹಾಕಿಕೊಂಡು ಹೋದಳು. ನೋಡಿದರೆ ಎಲ್ಲರ ಕೈಯಲ್ಲೂ ಕೇಕು, ಸಲಾಡ್, ಪಾಸ್ತಾ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಆ ಮಾತಿಗೆ ಎಲ್ಲರೂ ಹಂಚಿಕೊಂಡು ತಿನ್ನಲು ಏನಾದರೂ ಮಾಡಿಕೊಂಡು ಬನ್ನಿ ಅಂತ ಅರ್ಥ. ಖಾಲಿ ತಟ್ಟೆ ಹಿಡಿದು ಹೋದ ವಲಸಿಗರಲ್ಲಿ ಇವಳೇ ಮೊದಲಿನವಳಲ್ಲ, ಅಲ್ಲಿ ಅದೊಂದು ಹಳೇ ಜೋಕು. ಮುಂದಿನ ಸಲ ಚಿತ್ರಾನ್ನ ಒಯ್ದಳು. ಪಾತ್ರೆ ಖಾಲಿಯಾಗಿ ಬಂತು.

ಆಫೀಸಿನಲ್ಲಿ ‘ಎಂಡ್ ಆಫ್ ದ ಡೇ’ ಅನ್ನುವುದೊಂದಿದೆ. ‘ಬೈ ಎಂಡ್ ಆಫ್ ಡೇ’ ಅಂದರೆ ಇವತ್ತು ಕೆಲಸ ಮುಗಿಯುವುದರೊಳಗೆ. ‘ಆ್ಯಟ್ ದಿ ಎಂಡ್ ಆಫ್ ದ ಡೇ’ ಅಂದರೆ ಏನೇ ಅಂದರೂ ಕೊನೆಗೆ ನೋಡಿದರೆ, ಅಂತ. ಇದಕ್ಕೂ ಸಂಜೆಗೂ ಸಂಬಂಧವಿಲ್ಲ. ಇತ್ತೀಚೆಗೆ ಟಿವಿ ಚರ್ಚೆಗಳಲ್ಲಿ ‘ದಿನದ ಕೊನೆಯಲ್ಲಿ ಜನರೇ ಮುಖ್ಯ’ ಅನ್ನುವ ಕನ್ನಡ ಕೇಳುತ್ತೇನೆ. ಹಾಗಾದರೆ ಬೆಳಿಗ್ಗೆ ಯಾರು ಮುಖ್ಯ?

ಬ್ರಿಟಿಷರ ಮರ್ಯಾದೆಯ ಮಾತುಗಳಂತೂ ಇನ್ನೂ ನಾಜೂಕು. ‘ವಿತ್ ಆಲ್ ಡ್ಯೂ ರೆಸ್ಪೆಕ್ಟ್’ ಅಂತ ಶುರುವಾದರೆ ಮುಂದೆ ಗೌರವ ಬರುವುದಿಲ್ಲ, ಆಕ್ಷೇಪ ಬರುತ್ತದೆ. ಅವರು ‘ನಾಟ್ ಬ್ಯಾಡ್’ ಅಂದರೆ ಬಹಳ ಚೆನ್ನಾಗಿದೆ ಅಂತಲೂ ಇರಬಹುದು. ‘ಇಂಟರೆಸ್ಟಿಂಗ್’ ಅಂತ ಉದ್ದಕ್ಕೆ ಎಳೆದು ಸುಮ್ಮನಾದರೆ ನಿಮ್ಮ ಐಡಿಯಾ ಅವರಿಗೆ ಹಿಡಿಸಿಲ್ಲ. ನಮ್ಮ ಹಿರಿಯರು ‘ನೋಡೋಣ’ ಅಂದರೆ ಆಗಲ್ಲ ಅಂತ ನಮಗೆ ಹೇಗೆ ಗೊತ್ತಾಗುತ್ತದೋ, ಇದೂ ಹಾಗೇ.

ಮೂರನೇ ಹೆಜ್ಜೆ: ಕ್ರಿಯಾಪದದ ಬಾಲ ನೋಡಿ

‘ಪುಟ್’ ಅಂದರೆ ಇಡು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ‘ಪುಟ್ ಆಫ್’ ಅಂದರೆ ಮುಂದಕ್ಕೆ ಹಾಕು, ‘ಪುಟ್ ಔಟ್’ ಅಂದರೆ ಬೆಂಕಿ ಆರಿಸು, ‘ಪುಟ್ ಅಪ್ ವಿತ್’ ಅಂದರೆ ಸಹಿಸಿಕೋ. ಇದೇನು ಅನ್ಯಾಯ ಅಂತ ಅನಿಸಿದರೆ ನಮ್ಮ ‘ಮಾಡು’ವನ್ನು ನೆನೆಸಿಕೊಳ್ಳಿ. ಮಾಡಿಕೊಡು, ಮಾಡಿಕೊಳ್ಳು, ಮಾಡಿಬಿಡು, ಮಾಡಿನೋಡು, ಮಾಡಿಹಾಕು. ಮೊದಲ ಪದ ಒಂದೇ, ಬಾಲ ಬದಲಾದ ಹಾಗೆ ಭಾವ ಬದಲಾಗುತ್ತದೆ. ‘ಅಡುಗೆ ಮಾಡಿದೆ’ ಅನ್ನುವುದಕ್ಕೂ ‘ಅವರಿಗೆಲ್ಲ ಮಾಡಿಹಾಕಿದೆ’ ಅನ್ನುವುದಕ್ಕೂ ಎಷ್ಟು ಅಂತರ!

ಹಾಗಾಗಿ ಇಂಗ್ಲಿಷ್ ಓದುವಾಗ ಕ್ರಿಯಾಪದದ ಪಕ್ಕ ಅಪ್, ಆಫ್, ಔಟ್, ಇನ್, ಡೌನ್, ಓವರ್ ಕಂಡರೆ ಎರಡನ್ನೂ ಸೇರಿಸಿ ಒಂದೇ ಪದ ಅಂತ ತಿಳಿಯಿರಿ. ನೋಟ್‌ಬುಕ್ಕಿನಲ್ಲೂ ಸೇರಿಸಿಯೇ ಬರೆದುಕೊಳ್ಳಿ. ದಿನಕ್ಕೆ ಒಂದು ಸಾಕು. ಒಂದೇ ಕ್ರಿಯಾಪದದ ಹತ್ತು ರೂಪಗಳನ್ನು ಒಟ್ಟಿಗೆ ಕಲಿಯಲು ಹೋದರೆ ಎಲ್ಲವೂ ಕಲಸಿಹೋಗುತ್ತವೆ.

ನಾಲ್ಕನೇ ಹೆಜ್ಜೆ: ನಿಘಂಟು ನೋಡುವುದು ಹೀಗೆ

ಬಿಡಿ ಪದ ಹುಡುಕಬೇಡಿ. ಇಡೀ ಮಾತನ್ನು ಹುಡುಕಿ. ಕೇಂಬ್ರಿಡ್ಜ್, ಆಕ್ಸ್‌ಫರ್ಡ್, ಲಾಂಗ್‌ಮನ್ ಮೂವರೂ ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ನಿಘಂಟುಗಳನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಅವುಗಳಲ್ಲಿ ವಿವರಣೆ ಸುಲಭವಾಗಿರುತ್ತದೆ, ಉದಾಹರಣೆ ವಾಕ್ಯವೂ ಇರುತ್ತದೆ. ಅರ್ಥದ ಪಕ್ಕದಲ್ಲಿ ಸಣ್ಣ ಅಕ್ಷರದ ಗುರುತು ಇರುತ್ತದಲ್ಲ, ‘ಇನ್‌ಫಾರ್ಮಲ್’, ‘ಓಲ್ಡ್ ಫ್ಯಾಶನ್ಡ್’, ‘ಬ್ರಿಟಿಷ್’, ‘ಇಂಡಿಯನ್ ಇಂಗ್ಲಿಷ್’ ಅಂತ, ಅದನ್ನು ಓದದೆ ಮುಂದೆ ಹೋಗಬೇಡಿ. ನನ್ನ ಅನುಭವದಲ್ಲಿ ಅರ್ಥಕ್ಕಿಂತ ಆ ಗುರುತೇ ಜಾಸ್ತಿ ಸಲ ಮಾನ ಕಾಪಾಡಿದೆ.

ಕನ್ನಡದಲ್ಲಿ ಅರ್ಥ ಬೇಕಾದರೆ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಇದೆ. ಅದರಲ್ಲಿ ಪದದ ಅರ್ಥ ಮುಗಿದ ಮೇಲೆ ‘ಪದಗುಚ್ಛ’, ‘ನುಡಿಗಟ್ಟು’ ಅಂತ ಬೇರೆಯೇ ಭಾಗ ಬರುತ್ತದೆ. ಜನ ಅಲ್ಲಿಯವರೆಗೆ ಓದುವುದೇ ಇಲ್ಲ. ಮೊಬೈಲಿನ ಅನುವಾದಕ್ಕೆ ನುಡಿಗಟ್ಟು ಕೊಟ್ಟರೆ ಒಮ್ಮೊಮ್ಮೆ ಸರಿಯಾಗಿ ಹೇಳುತ್ತದೆ, ಒಮ್ಮೊಮ್ಮೆ ನಾಟಕಕ್ಕೆ ಹೊರಟವರಿಗೆ ‘ಕಾಲು ಮುರಿ’ ಅಂತ ಹರಸುತ್ತದೆ. ‘ಬ್ರೇಕ್ ಎ ಲೆಗ್’ ಅಂದರೆ ರಂಗದವರ ಶುಭಾಶಯ. ಹೊರಟವರಿಗೆ ನೇರವಾಗಿ ಒಳ್ಳೆಯದಾಗಲಿ ಅಂದರೆ ದೃಷ್ಟಿ ತಾಕುತ್ತದೆ ಅನ್ನುವ ಭಯ ಅವರಿಗೂ ಇದೆ ನೋಡಿ.

ಐದನೇ ಹೆಜ್ಜೆ: ಕನ್ನಡದ ಜೋಡಿ ಹುಡುಕಿ

ಇದು ನನಗೆ ಬಹಳ ಇಷ್ಟದ ಕೆಲಸ. ಇಂಗ್ಲಿಷ್ ಮಾತಿಗೆ ಕನ್ನಡದ ಜೋಡಿ ಸಿಕ್ಕಿತು ಅಂದರೆ ಆ ಮಾತು ಜನ್ಮದಲ್ಲಿ ಮರೆಯುವುದಿಲ್ಲ.

ಕೆಲವಕ್ಕೆ ಜೋಡಿ ತಾನೇ ಬಂದು ನಿಲ್ಲುತ್ತದೆ. ಮೊಸಳೆ ಕಣ್ಣೀರು, ಬಿಳಿ ಆನೆ, ಬಾಣಲೆಯಿಂದ ಬೆಂಕಿಗೆ, ಒಂದೇ ಕಲ್ಲಿಗೆ ಎರಡು ಹಕ್ಕಿ. ಇವುಗಳ ಮೇಲೆ ಸಮಯ ಕಳೆಯಬೇಡಿ. ಚಿತ್ರ ಬೇರೆಯಾಗಿ ಅರ್ಥ ಒಂದೇ ಆಗಿರುವ ಮಾತುಗಳಲ್ಲಿ ರುಚಿ ಜಾಸ್ತಿ. ಕುದುರೆ ಓಡಿಹೋದ ಮೇಲೆ ಲಾಯದ ಬಾಗಿಲು ಹಾಕಿದರು ಅಂತ ಇಂಗ್ಲಿಷಿನವರು ಹೇಳುತ್ತಾರೆ. ನಾವು ‘ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಅನ್ನುತ್ತೇವೆ. ಕೆಲಸ ಬಾರದವನು ಹತಾರವನ್ನು ದೂರಿದ ಅಂತ ಅವರು, ‘ಕುಣಿಯಲಾರದವಳು ನೆಲ ಡೊಂಕು ಅಂದಳು’ ಅಂತ ನಾವು. ‘ಎ ಡ್ರಾಪ್ ಇನ್ ದಿ ಓಶನ್’ ಅಂತ ಅವರು ಚುಟುಕಾಗಿ ಮುಗಿಸಿದರೆ, ನಮ್ಮಲ್ಲಿ ‘ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ’. ಇದರಲ್ಲಿ ಆನೆಯೂ ಇದೆ, ಲೆಕ್ಕವೂ ಇದೆ, ಊಟದ ಕೊನೆಯೂ ಇದೆ. ನಂಗೆ ನಮ್ಮದೇ ಮೇಲು ಅನಿಸುತ್ತದೆ.

‘ವೆನ್ ಇಟ್ ರೇನ್ಸ್, ಇಟ್ ಪೋರ್ಸ್’ ಅನ್ನುವುದನ್ನು ನೋಡಿ. ಕಷ್ಟ ಬಂದರೆ ಒಂದರ ಹಿಂದೆ ಒಂದು ಬರುತ್ತದೆ ಅಂತ ಅರ್ಥ. ಮಳೆ ಅಂದರೆ ಅವರಿಗೆ ಕಿರಿಕಿರಿ, ಅದಕ್ಕೇ ಕಷ್ಟವನ್ನು ಮಳೆಗೆ ಹೋಲಿಸಿದರು. ಬಯಲುಸೀಮೆಯವರಿಗೆ ಹಾಗೆ ಹೇಳಿ ನೋಡಿ, ‘ಸುರೀಲಿ ಬಿಡಪ್ಪಾ’ ಅಂದಾರು. ನಮ್ಮ ಮಾತು ‘ಬರಗಾಲದಲ್ಲಿ ಅಧಿಕ ಮಾಸ’. ಮೊದಲೇ ಕಾಳಿಲ್ಲ, ಅದರ ಮೇಲೆ ವರ್ಷಕ್ಕೆ ಇನ್ನೊಂದು ತಿಂಗಳು ಸೇರಿಕೊಂಡಿತು.

ಅಧಿಕ ಮಾಸದ ಮಾತು ಬಂದಿದ್ದರಿಂದ ‘ಒನ್ಸ್ ಇನ್ ಎ ಬ್ಲೂ ಮೂನ್’ ಬಗ್ಗೆಯೂ ಹೇಳಿಬಿಡುತ್ತೇನೆ. ಬಹಳ ಅಪರೂಪಕ್ಕೊಮ್ಮೆ ಅಂತ ಇದರ ಅರ್ಥ. ಚಂದ್ರ ನೀಲಿ ಆಗುವುದಿಲ್ಲ. ಈಗ ಒಂದೇ ಇಂಗ್ಲಿಷ್ ತಿಂಗಳಲ್ಲಿ ಎರಡು ಹುಣ್ಣಿಮೆ ಬಂದರೆ ಎರಡನೆಯದನ್ನು ಬ್ಲೂ ಮೂನ್ ಅನ್ನುತ್ತಾರೆ. ಸುಮಾರು ಎರಡೂವರೆ, ಮೂರು ವರ್ಷಕ್ಕೊಮ್ಮೆ ಹೀಗಾಗುತ್ತದೆ. ನಮ್ಮ ಅಧಿಕ ಮಾಸ ಬರುವುದೂ ಹೆಚ್ಚುಕಡಿಮೆ ಅಷ್ಟೇ ಅಂತರದಲ್ಲಿ, ಯಾಕೆಂದರೆ ಎರಡರ ಹಿಂದೆಯೂ ಚಂದ್ರನ ತಿಂಗಳಿಗೂ ಸೂರ್ಯನ ವರ್ಷಕ್ಕೂ ತಾಳೆಯಾಗದ ಅದೇ ಲೆಕ್ಕ ಇದೆ. 2023ರ ಆಗಸ್ಟ್‌ನಲ್ಲಿ ಎರಡು ಹುಣ್ಣಿಮೆ ಬಂದವು, ಆ ವರ್ಷ ಪಂಚಾಂಗದಲ್ಲಿ ಅಧಿಕ ಶ್ರಾವಣವೂ ಇತ್ತು. ಈ ಅರ್ಥದಲ್ಲಿ ನಾವು ‘ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ’ ಅನ್ನುತ್ತೇವೆ. ಲೆಕ್ಕ ಹಾಕಿದರೆ ಅದು ತಿಂಗಳಿಗೆ ಎರಡು ಸಲ ಆಯಿತು! ನಮ್ಮ ಅಪರೂಪ ಅಷ್ಟು ಅಗ್ಗ.

ಇನ್ನು, ಜೋಡಿಯ ವೇಷ ಹಾಕಿ ಬರುವ ಮಾತುಗಳಿವೆ. ಇವು ಅನುವಾದ ಮಾಡುವವರನ್ನು ಹಳ್ಳಕ್ಕೆ ಬೀಳಿಸುತ್ತವೆ. ‘ಮೇಕಿಂಗ್ ಎ ಮೌಂಟನ್ ಔಟ್ ಆಫ್ ಎ ಮೋಲ್‌ಹಿಲ್’ ಅನ್ನುವುದರಲ್ಲಿ ಬೆಟ್ಟ ಇದೆ, ನೆಲ ಕೊರೆಯುವ ಇಲಿಯಂಥ ಪ್ರಾಣಿಯ ಮಣ್ಣಗುಪ್ಪೆಯೂ ಇದೆ. ತಕ್ಷಣ ‘ಬೆಟ್ಟ ಅಗೆದು ಇಲಿ ಹಿಡಿದಂತೆ’ ನೆನಪಾಗುತ್ತದೆ. ಅದಲ್ಲ! ಇಂಗ್ಲಿಷಿನದು ಸಣ್ಣ ವಿಷಯವನ್ನು ದೊಡ್ಡದು ಮಾಡುವುದು, ಅಂದರೆ ನಮ್ಮ ‘ಕಡ್ಡಿಯನ್ನು ಗುಡ್ಡ ಮಾಡುವುದು’. ಬೆಟ್ಟ ಅಗೆಯುವುದು ಬಹಳ ದುಡಿದು ಏನೂ ಸಿಗದಿರುವುದು. ‘ದ ಗ್ರಾಸ್ ಈಸ್ ಗ್ರೀನರ್ ಆನ್ ದಿ ಅದರ್ ಸೈಡ್’ ಅನ್ನುವುದಕ್ಕೆ ‘ದೂರದ ಬೆಟ್ಟ ನುಣ್ಣಗೆ’ ಅಂತ ಬರೆಯುತ್ತಾರೆ. ಅರ್ಧ ಸರಿ. ಇಂಗ್ಲಿಷಿನ ಮಾತಿನಲ್ಲಿ ಪಕ್ಕದ ಮನೆಯವರ ಮೇಲಿನ ಹೊಟ್ಟೆಕಿಚ್ಚು ಇದೆ. ನಮ್ಮದರಲ್ಲಿ ಹತ್ತಿರ ಹೋದರೆ ಕಲ್ಲುಮುಳ್ಳು ಕಾಣುತ್ತದೆ ಅನ್ನುವ ಎಚ್ಚರಿಕೆ ಇದೆ. ‘ಪುಲಿಂಗ್ ಯುವರ್ ಲೆಗ್’ ಅಂದರೆ ಬರೀ ತಮಾಷೆ. ‘ಕಾಲೆಳೆಯುವುದು’ ಅಂತ ಕನ್ನಡದಲ್ಲಿ ಬರೆದರೆ ತಮಾಷೆಯೂ ಆಗಬಹುದು, ಮೇಲೆ ಬರುವವರನ್ನು ಕೆಳಗೆ ಎಳೆಯುವುದೂ ಆಗಬಹುದು. ಸಂದರ್ಭ ನೋಡಿ ಬಳಸಿ.

ಜೋಡಿ ಸಿಗಲೇ ಇಲ್ಲವೆಂದರೆ ಚಿಂತೆಯಿಲ್ಲ. ಅರ್ಥವನ್ನು ಸಾದಾ ಕನ್ನಡದಲ್ಲಿ ಬರೆದುಕೊಳ್ಳಿ. ಗಾದೆಗೆ ಗಾದೆಯನ್ನೇ ಕೊಡಬೇಕು ಅಂತ ಯಾರೂ ಹರಕೆ ಹೊತ್ತಿಲ್ಲ.

ಆರನೇ ಹೆಜ್ಜೆ: ಯಾವ ದೇಶ, ಯಾರ ಮುಂದೆ

ಇಂಗ್ಲೆಂಡಿನ ಮಾತಿನಲ್ಲಿ ಕ್ರಿಕೆಟ್ ಇದೆ, ಹಾಗಾಗಿ ನಮಗೆ ಬೇಗ ಹತ್ತುತ್ತದೆ. ‘ಆನ್ ದ ಬ್ಯಾಕ್ ಫುಟ್’ ಅಂದರೆ ರಕ್ಷಣೆಗೆ ಇಳಿದ ಸ್ಥಿತಿ. ‘ಸ್ಟಿಕಿ ವಿಕೆಟ್’ ಅಂದರೆ ಇಕ್ಕಟ್ಟು. ಮಳೆಗೆ ನೆನೆದು ಒಣಗುತ್ತಿರುವ ಪಿಚ್‌ನಲ್ಲಿ ಚೆಂಡು ಹೇಗೆ ಪುಟಿಯುತ್ತದೆ ಅಂತ ಹೇಳಲಾಗದು, ಅದರಿಂದ ಬಂದದ್ದು. ಅಮೆರಿಕದವರ ಮಾತಿನಲ್ಲಿ ಬೇಸ್‌ಬಾಲ್ ತುಂಬಿದೆ. ನಮ್ಮ ಆಫೀಸುಗಳಲ್ಲಿ ದಿನಕ್ಕೆ ಹತ್ತು ಸಲ ಕೇಳುವ ‘ಬಾಲ್‌ಪಾರ್ಕ್ ಫಿಗರ್’ ಅಲ್ಲಿನದೇ, ಅಂದಾಜು ಲೆಕ್ಕ ಅಂತ ಅರ್ಥ. ‘ಟಚ್ ಬೇಸ್’ ಅಂದರೆ ಒಮ್ಮೆ ಮಾತಾಡಿಕೊಳ್ಳೋಣ ಅಂತ. ‘ಕರ್ವ್‌ಬಾಲ್’ ಅಂದರೆ ನಿರೀಕ್ಷಿಸದ ತೊಡಕು, ನಮ್ಮ ಗೂಗ್ಲಿ ಇದ್ದ ಹಾಗೆ. ಊಟಕ್ಕೆ ಕರೆದಾಗ ‘ಐ ವಿಲ್ ಟೇಕ್ ಎ ರೇನ್ ಚೆಕ್’ ಅಂದರೆ ಇವತ್ತು ಆಗಲ್ಲ, ಇನ್ನೊಮ್ಮೆ ಬರುತ್ತೇನೆ ಅಂತ. 1880ರ ದಶಕದಲ್ಲಿ ಮಳೆಯಿಂದ ಬೇಸ್‌ಬಾಲ್ ಆಟ ನಿಂತರೆ, ಬಂದವರಿಗೆ ಬೇರೆ ದಿನದ ಆಟ ನೋಡಲು ಚೀಟಿ ಕೊಡುತ್ತಿದ್ದರು. ಆ ಚೀಟಿಯೇ ರೇನ್ ಚೆಕ್.

ಒಂದೇ ಪದಕ್ಕೆ ಎರಡು ದೇಶದಲ್ಲಿ ಎರಡು ಅರ್ಥ ಇರುವುದು ಇನ್ನೂ ಅಪಾಯ. ವಿಷಯವನ್ನು ‘ಟೇಬಲ್’ ಮಾಡೋಣ ಅಂದರೆ ಬ್ರಿಟನ್ನಿನಲ್ಲಿ ಚರ್ಚೆಗೆ ತರೋಣ ಅಂತ, ಅಮೆರಿಕದಲ್ಲಿ ಸದ್ಯಕ್ಕೆ ಬದಿಗಿಡೋಣ ಅಂತ. ಎರಡನೇ ಮಹಾಯುದ್ಧದಲ್ಲಿ ಈ ಎರಡೂ ದೇಶಗಳ ಅಧಿಕಾರಿಗಳು ಇದೊಂದೇ ಪದಕ್ಕೆ ಬಹಳ ಹೊತ್ತು ಜಟಾಪಟಿ ಮಾಡಿದರು ಅಂತ ಆಗಿನ ಬ್ರಿಟಿಷ್ ಪ್ರಧಾನಿ ಚರ್ಚಿಲ್ ಬರೆದಿದ್ದಾರೆ. ಇಬ್ಬರಿಗೂ ಬೇಕಾಗಿದ್ದದ್ದು ಒಂದೇ! ‘ಕ್ವೈಟ್ ಗುಡ್’ ಅಂದರೆ ಅಮೆರಿಕದವರಿಗೆ ಬಹಳ ಚೆನ್ನಾಗಿದೆ, ಬ್ರಿಟಿಷರಿಗೆ ಪರವಾಗಿಲ್ಲ. ಲಂಡನ್ನಿನಲ್ಲಿ ‘ಹಾಫ್ ಸೆವೆನ್’ ಅಂದರೆ ಏಳೂವರೆ, ಆರೂವರೆ ಅಲ್ಲ.

ಯಾರ ಮುಂದೆ ಅನ್ನುವುದೂ ಅಷ್ಟೇ ಮುಖ್ಯ. ‘ಕಿಕ್ಡ್ ದ ಬಕೆಟ್’ ಅನ್ನುವುದು ನಮ್ಮ ‘ಗೊಟಕ್ ಅಂದ’ ಇದ್ದ ಹಾಗೆ. ಸತ್ತವರ ಮನೆಗೆ ಹೋಗಿ ಹಾಗೆ ಹೇಳುತ್ತೀರಾ? ಅಲ್ಲಿ ‘ಪಾಸ್ಡ್ ಅವೇ’, ಅಂದರೆ ತೀರಿಕೊಂಡರು. ಪಟ್ಟಿಯಲ್ಲಿ ಎರಡಕ್ಕೂ ‘ಮರಣ ಹೊಂದು’ ಅಂತ ಒಂದೇ ಅರ್ಥ ಬರೆದಿರುತ್ತಾರೆ. ನನಗೆ ಪಟ್ಟಿಗಳ ಮೇಲೆ ಸಿಟ್ಟು ಇದಕ್ಕೇ.

ಏಳನೇ ಹೆಜ್ಜೆ: ನಮ್ಮದೇ ಇಂಗ್ಲಿಷನ್ನೂ ಬೇರೆ ಇಡಿ

‘ಪ್ರೀಪೋನ್’ ಅಂದರೆ ನಿಗದಿಗಿಂತ ಮುಂಚೆ ಇಟ್ಟುಕೊಳ್ಳುವುದು, ‘ಔಟ್ ಆಫ್ ಸ್ಟೇಷನ್’ ಅಂದರೆ ಊರಲ್ಲಿಲ್ಲ, ‘ಡು ದ ನೀಡ್‌ಫುಲ್’ ಅಂದರೆ ಬೇಕಾದ್ದನ್ನು ಮಾಡಿಕೊಡಿ. ಇವು ತಪ್ಪು ಅಂತ ಮೂಗು ಮುರಿಯುವವರ ಗುಂಪಿನಲ್ಲಿ ನಾನಿಲ್ಲ. ನಮ್ಮ ನಡುವೆ ಚೆನ್ನಾಗಿ ಕೆಲಸ ಮಾಡುತ್ತವೆ. ‘ಡು ದ ನೀಡ್‌ಫುಲ್’ ಅನ್ನುವುದು ಬ್ರಿಟಿಷರೇ ಬಳಸಿ ಬಿಟ್ಟುಹೋದ ಮಾತು, ನಾವು ಜೋಪಾನವಾಗಿ ಇಟ್ಟುಕೊಂಡಿದ್ದೇವೆ. ಆದರೆ ಹೊರಗಿನವರ ಜೊತೆ ಬಳಸುವಾಗ ಎರಡು ಮಾತು ನೆನಪಿರಲಿ.

ಒಂದು, ‘ಪಾಸ್ ಔಟ್’. ‘ಐ ಪಾಸ್ಡ್ ಔಟ್ ಇನ್ 2015’ ಅಂದರೆ ನಮಗೆ ಡಿಗ್ರಿ ಮುಗಿಯಿತು ಅಂತ. ಅವರಿಗೆ 2015ರಲ್ಲಿ ಎಚ್ಚರ ತಪ್ಪಿ ಬಿದ್ದೆ ಅಂತ. ‘ಗ್ರ್ಯಾಜುಯೇಟೆಡ್’ ಅನ್ನಿ. ಇನ್ನೊಂದು, ‘ಐ ಹ್ಯಾವ್ ಎ ಡೌಟ್’. ಕ್ಲಾಸಿನಲ್ಲಿ ಕೈ ಎತ್ತಿ ನಾವೆಲ್ಲ ಹೇಳಿದ ಮಾತು ಇದು. ಹೊರಗಿನವರ ಕಿವಿಗೆ ಅದು ನಿಮ್ಮ ಮಾತು ನಂಬಲು ಆಗುತ್ತಿಲ್ಲ ಅನ್ನುವ ಹಾಗೆ ಕೇಳಿಸುತ್ತದೆ. ‘ಐ ಹ್ಯಾವ್ ಎ ಕ್ವೆಶ್ಚನ್’ ಅಂದರೆ ಸಾಕು.

ಎಂಟನೇ ಹೆಜ್ಜೆ: ಹುಟ್ಟಿದ ಕಥೆ ಕೇಳಿ, ಪೂರ್ತಿ ನಂಬಬೇಡಿ

ವಾಟ್ಸ್ಆ್ಯಪ್‌ನಲ್ಲಿ ನುಡಿಗಟ್ಟುಗಳ ಹುಟ್ಟಿನ ಬಗ್ಗೆ ಚಂದಚಂದದ ಕಥೆ ಓಡಾಡುತ್ತವೆ. ಹಳೇ ಕಾಲದ ಹುಲ್ಲಿನ ಮಾಡಿನಲ್ಲಿ ಬೆಕ್ಕು, ನಾಯಿ ಮಲಗುತ್ತಿದ್ದವು, ಮಳೆ ಬಂದಾಗ ಜಾರಿ ಬೀಳುತ್ತಿದ್ದವು, ಅದರಿಂದ ‘ಕ್ಯಾಟ್ಸ್ ಆ್ಯಂಡ್ ಡಾಗ್ಸ್’ ಬಂತು ಅನ್ನುವುದು ಅವುಗಳಲ್ಲಿ ಒಂದು. ಇದು 1999ರಲ್ಲಿ ಹರಿದಾಡಿದ ಒಂದು ತಮಾಷೆಯ ಇಮೇಲ್‌ನಿಂದ ಹಬ್ಬಿದ ಕಟ್ಟುಕಥೆ. ‘ದ ಹೋಲ್ ನೈನ್ ಯಾರ್ಡ್ಸ್’ ಅಂದರೆ ಪೂರಾ, ಒಂದನ್ನೂ ಬಿಡದೆ ಅಂತ. ಅದು ನಮ್ಮ ಒಂಬತ್ತು ಗಜದ ಸೀರೆಯಿಂದ ಹೋದದ್ದು ಅಂತ ನಮ್ಮಲ್ಲಿ ಕೆಲವರು ಎದೆ ಉಬ್ಬಿಸುತ್ತಾರೆ. ಆದರೆ ಈ ಮಾತು ಮೊದಲು ಕಾಣಿಸುವುದು ಇಪ್ಪತ್ತನೇ ಶತಮಾನದ ಶುರುವಿನ ಅಮೆರಿಕದ ಊರುಕೇರಿ ಪತ್ರಿಕೆಗಳಲ್ಲಿ. 1912ರ ಹೊತ್ತಿಗೆ ಅಲ್ಲೇ ‘ಆರು ಗಜ’ ಅಂತಲೂ ಬರೆಯುತ್ತಿದ್ದರು. ಅಳತೆಯೇ ಹೀಗೆ ಬದಲಾಗುತ್ತಿದ್ದರೆ ಸೀರೆ ಎಲ್ಲಿಂದ ಬರಬೇಕು?

ಹೆಮ್ಮೆಗೆ ನಿಜವಾದವೇ ಇವೆ. ತಡೆಯಲಾಗದೆ ಎಲ್ಲವನ್ನೂ ತುಳಿದುಕೊಂಡು ಹೋಗುವ ಶಕ್ತಿಗೆ ಇಂಗ್ಲಿಷಿನಲ್ಲಿ ‘ಜಗರ್‌ನಾಟ್’ ಅನ್ನುತ್ತಾರೆ. ಅದು ಪುರಿ ಜಗನ್ನಾಥನ ರಥದಿಂದ ಹೋದ ಪದ. ತಲೆ ಕೆಟ್ಟವರಿಗೆ ಬ್ರಿಟಿಷರು ‘ಡೂಲ್ಯಾಲಿ’ ಅನ್ನುವುದು ನಾಸಿಕ್ ಹತ್ತಿರದ ದೇವಳಾಲಿಯಿಂದ. ಊರಿಗೆ ಹೋಗುವ ಹಡಗಿಗಾಗಿ ಬ್ರಿಟಿಷ್ ಸಿಪಾಯಿಗಳು ಅಲ್ಲಿನ ಕ್ಯಾಂಪಿನಲ್ಲಿ ತಿಂಗಳುಗಟ್ಟಲೆ ಕಾಯುತ್ತಾ ಬೇಸರಕ್ಕೆ ಹುಚ್ಚರಂತಾಗುತ್ತಿದ್ದರಂತೆ.

ಕಥೆ ಗೊತ್ತಿದ್ದರೆ ನೆನಪಿಡುವುದು ಸುಲಭ, ನಿಜ. ಗೊತ್ತಿಲ್ಲದಿದ್ದರೂ ಮಾತು ಬಳಸಲು ಯಾವ ಅಡ್ಡಿಯೂ ಇಲ್ಲ. ‘ತಿಪ್ಪರಲಾಗ ಹಾಕಿದರೂ ಆಗಲ್ಲ’ ಅನ್ನುವಾಗ ತಿಪ್ಪರಲಾಗ ಎಲ್ಲಿಂದ ಬಂತು ಅಂತ ಯಾರು ಕೇಳುತ್ತಾರೆ?

ಕೊನೆಯ ಹೆಜ್ಜೆ: ಬರೆದುಕೊಳ್ಳಿ, ಕೇಳಿ, ತಡವಾಗಿ ಬಳಸಿ

ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಮಾತಿಗೆ ಮೂರು ಸಾಲು. ಮಾತು, ಅದನ್ನು ಯಾರು ಯಾರಿಗೆ ಯಾವಾಗ ಹೇಳಿದರು, ಕನ್ನಡದಲ್ಲಾದರೆ ನಾನು ಏನನ್ನುತ್ತಿದ್ದೆ. ಎರಡನೇ ಸಾಲನ್ನು ಬಿಡಬೇಡಿ. ‘ಟೆಲ್ ಮಿ ಅಬೌಟ್ ಇಟ್’ ಪಕ್ಕ ನಾನು ಬರೆದದ್ದು ‘ಟ್ರಾಫಿಕ್ ಬಗ್ಗೆ ಗೊಣಗಿದಾಗ, ನಿಟ್ಟುಸಿರಿನ ಜೊತೆ’ ಅಂತ. ಕೆಳಗೆ ‘ಹೂಂ, ನನ್ನ ಕೇಳಿ!’ ಅಂತ. ಈಗಲೂ ಆ ಪುಟ ತೆರೆದರೆ ಮುಖ ಬಿಸಿಯಾಗುತ್ತದೆ.

ಅರ್ಥವಾಗದಿದ್ದರೆ ಕೇಳಿಬಿಡಿ. ‘ವಾಟ್ ಡು ಯು ಮೀನ್?’ ಅಂದರೆ ದನಿ ಸ್ವಲ್ಪ ಗಡುಸಾದರೂ ಜಗಳದ ಹಾಗೆ ಕೇಳಿಸುತ್ತದೆ. ಅದರ ಬದಲು ‘ದಟ್ಸ್ ಎ ನ್ಯೂ ಒನ್ ಫಾರ್ ಮಿ’ ಅನ್ನಿ. ಎದುರಿನವರು ನಗುತ್ತಾ ತಾವೇ ವಿವರಿಸುತ್ತಾರೆ. ಬಳಸುವ ಅವಸರ ಮಾತ್ರ ಬೇಡ. ಒಂದು ಮಾತನ್ನು ಬೇರೆ ಬೇರೆ ಮೂರು ಜನರ ಬಾಯಲ್ಲಿ ಕೇಳುವವರೆಗೆ ನಾನು ಬಾಯಿ ಬಿಡುವುದಿಲ್ಲ. ಒಂದು ಇಮೇಲ್‌ನಲ್ಲಿ ಒಂದಕ್ಕಿಂತ ಜಾಸ್ತಿ ನುಡಿಗಟ್ಟು ತುರುಕಿದರೆ ಮದುವೆ ಮನೆಗೆ ಎಲ್ಲ ಒಡವೆ ಒಟ್ಟಿಗೆ ಹಾಕಿಕೊಂಡು ಹೋದ ಹಾಗೆ.

ಅಂದು ಫೋನಿನಲ್ಲಿ ನನ್ನ ಟ್ರಾಫಿಕ್ ಪುರಾಣ ಕೇಳಿದ ಆ ಅಮೆರಿಕನ್, ಎರಡು ವರ್ಷದ ನಂತರ ಬೆಂಗಳೂರಿಗೇ ಬಂದು ಆರು ತಿಂಗಳು ಇದ್ದರು. ಪುಸ್ತಕ ಇಟ್ಟುಕೊಂಡು ಕನ್ನಡ ಕಲಿಯುತ್ತಿದ್ದರು. ಒಂದು ಶನಿವಾರ ಅವರ ಮನೆಯ ಗೀಸರ್ ಕೆಟ್ಟಿತು. ರಿಪೇರಿಯವನಿಗೆ ಫೋನ್ ಮಾಡಿದರೆ ‘ಬಂದೆ ಸಾರ್, ಬಂದೆ’ ಅಂದನಂತೆ. ಇವರು ಬಾಗಿಲು ತೆರೆದು ನೋಡಿದರು. ಯಾರೂ ಇಲ್ಲ. ನನಗೆ ಫೋನ್ ಬಂತು: ‘ಬಂದೆ ಅನ್ನುವುದು ಭೂತಕಾಲ ತಾನೆ? ಮತ್ತೆ ಆತ ಎಲ್ಲಿ?’

ಸೋಮವಾರ ಅವರು ತಮ್ಮ ನೋಟ್‌ಬುಕ್ ತೋರಿಸಿದರು. ಓರೆಕೋರೆ ಕನ್ನಡ ಅಕ್ಷರದಲ್ಲಿ ‘ಬಂದೆ’ ಅಂತ ಬರೆದು, ಪಕ್ಕದಲ್ಲಿ ಅರ್ಥ ಬರೆದುಕೊಂಡಿದ್ದರು: ಇನ್ನೂ ಮನೆಯಲ್ಲೇ ಇದ್ದಾನೆ.